ನೆಲೋಗಿಯವನು ಬರೆದ ಸಾಕ್ಷಿ

ಅಫಜಲಪುರದಲ್ಲಿ ನಮ್ಮ ಪಲ್ಟನ್ನಿನ ಹಳೆಯ ಸುಬೇದಾರರ ಮಗಳ ಮದುವೆ. ಊಟಕ್ಕೆ ನನ್ನ ಪಕ್ಕ ಕೂತವನು ನೆಲೋಗಿಯ ಗೆಳೆಯ. ಇಬ್ಬರೂ ಹದಿನೇಳು ವರ್ಷ ಒಂದೇ ಪಲ್ಟನ್ನಿನಲ್ಲಿದ್ದವರು. ಹೋಳಿಗೆ ಮುರಿಯುತ್ತ ಸಹಜವಾಗಿ ಹೇಳಿದ: ನಿದ್ದೆಯಲ್ಲಿ ಉಸಿರು ಕಟ್ಟುವ ತನ್ನ ರೋಗ ಸೇವೆಯಿಂದಲೇ ಬಂತೆಂದು ಒಪ್ಪಿದ್ದಾರಂತೆ, ಅಂಗವೈಕಲ್ಯ ಪಿಂಚಣಿ ಮಂಜೂರಾಗಿದೆಯಂತೆ.

ಅದೇ ರೋಗ ನನಗೂ ಇದೆ. ನನ್ನ ಅರ್ಜಿ ಅದೇ ತಿಂಗಳು ತಿರುಗಿ ಬಂದಿತ್ತು. ಸೇವೆಗೆ ಸಂಬಂಧವಿಲ್ಲ ಎಂದು ಬರೆದಿದ್ದರು. ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಕಿಣ್ಣಿ ಸುಲ್ತಾನಕ್ಕೆ ಮರಳುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನ ಕುಂದುಗಳನ್ನೇ ನೆನೆದೆ. ಓಟದಲ್ಲಿ ಕೊನೆಯವನು. ಸಣ್ಣ ನೆಗಡಿಗೂ ಡಾಕ್ಟರ ಮುಂದೆ ಸಾಲು ನಿಲ್ಲುವವನು. ನಾವೆಲ್ಲ ನಗುತ್ತಿದ್ದೆವು. ಆದರೆ ಹಾಗೆ ನಿಂತದ್ದಕ್ಕೇ ಅವನ ಪ್ರತಿ ನೋವೂ ಕಾಗದದಲ್ಲಿತ್ತು. ನಾನು ಒಮ್ಮೆಯೂ ಹೇಳಿಕೊಂಡವನಲ್ಲ. ಹಿಮದ ಪೋಸ್ಟಿನಲ್ಲಿ ನನ್ನ ಉಸಿರು ನಿಂತಾಗಲೆಲ್ಲ ಪಕ್ಕದ ಹಾಸಿಗೆಯಿಂದ ಭುಜ ಅಲ್ಲಾಡಿಸುತ್ತಿದ್ದವನು ಅವನೇ. ಡಾಕ್ಟರಿಗೆ ತೋರಿಸು ಅಂದಿದ್ದ. ಆರೋಗ್ಯದ ದರ್ಜೆ ಇಳಿದರೆ ಬಡ್ತಿ ತಪ್ಪುತ್ತದೆಂದು ನಾನು ಒಪ್ಪಲಿಲ್ಲ. ಹವಾಲ್ದಾರನಾದೆ. ಅವನು ನನಗಿಂತ ಒಂದು ಮೆಟ್ಟಿಲು ಕೆಳಗೆ, ನಾಯಕ್ ಆಗಿಯೇ ನಿವೃತ್ತನಾದ.

ಕಲಬುರಗಿಯ ಮಾಜಿ ಸೈನಿಕರ ಕಚೇರಿಯಲ್ಲಿ ಅರ್ಜಿ ನೋಡುವವರು ನಿಧಾನವಾಗಿ ತಿಳಿಸಿ ಹೇಳಿದರು: "ಕಾಗದದಾಗ ಇಲ್ಲಂದ್ರ ಅವ್ರು ಹ್ಯಾಂಗ ನಂಬಬೇಕ್ರಿ? ಜೋಡಿ ಇದ್ದವ್ರು ಯಾರರ ಸಾಕ್ಷಿ ಬರದು ಕೊಟ್ರ ಅಪೀಲು ಮಾಡಬಹುದು."

ಜೋಡಿ ಇದ್ದವನು ಒಬ್ಬನೇ. ಮೂರು ವಾರ ಫೋನ್ ಮಾಡಲಿಲ್ಲ. ನಂಬರ್ ಕಳೆದಿದೆ ಎಂದು ಹೆಂಡತಿಗೆ ಸುಳ್ಳು ಹೇಳಿದೆ. ಮೂರನೆಯ ವಾರ, ರಾತ್ರಿಯೆಲ್ಲ ನಿದ್ದೆಗೆಟ್ಟು, ಹಾಡಹಗಲಲ್ಲಿ ಟ್ರ್ಯಾಕ್ಟರ್ ಮೇಲೆ ಕಣ್ಣು ಮುಚ್ಚಿಹೋಗಿ, ತೊಗರಿ ಹೊಲದ ಬದುವಿಗೆ ಗುದ್ದಿದೆ. ಹೆಂಡತಿ ಮದುವೆಗೆ ಕರೆದಿದ್ದ ಸುಬೇದಾರರಿಂದ ನಂಬರ್ ತಗೊಂಡು ತಾನೇ ಅವನಿಗೆ ಫೋನ್ ಹಚ್ಚಿದಳು.

ಸಾಕ್ಷಿಗೆ ನೋಟರಿಯ ಮುದ್ರೆ ಹಾಕಿಸಲು ಅವನು ಜೇವರ್ಗಿಯ ಕೋರ್ಟಿನ ಮುಂದೆ ನನಗಿಂತ ಮೊದಲೇ ಬಂದು ನಿಂತಿದ್ದ. ಸಾಕ್ಷಿಯ ಕಾಗದ ಟೈಪ್ ಮಾಡಿಸಿ ಸಹಿಯನ್ನೂ ಹಾಕಿದ್ದ. ಓದುತ್ತ ಓದುತ್ತ ನಾನು ಮರೆತದ್ದೊಂದು ಎದುರಾಯಿತು. ಡಾಕ್ಟರು ಒಮ್ಮೆ ಪೋಸ್ಟಿಗೆ ಬಂದಾಗ, ತನ್ನ ತಪಾಸಣೆಯ ಹೊತ್ತಿನಲ್ಲಿ ಅವನು ನನ್ನ ಉಸಿರಿನ ವಿಷಯವನ್ನೂ ಹೇಳಿಬಿಟ್ಟಿದ್ದ. ಅವರು ನನ್ನನ್ನು ಕರೆಸಿ ನೋಡಿ ಪೋಸ್ಟಿನ ರಜಿಸ್ಟರಿನಲ್ಲಷ್ಟೇ ಬರೆದುಕೊಂಡಿದ್ದರು. ಅದಕ್ಕಾಗಿ ನಾನು ಅವನನ್ನು ಬೈದು ಎರಡು ತಿಂಗಳು ಮಾತು ಬಿಟ್ಟಿದ್ದೆ.

"ಅವತ್ತಿನ ತಾರೀಖು ನನ್ನ ತಪಾಸಣಿ ಕಾಗದದಾಗ ಅದ," ಅಂದ. "ಅದನ್ನ ಹಾಕೇನಿ. ಆ ದಿನದ ರಜಿಸ್ಟರ್ ತೆಗಸ್ರಿ ಅಂತ ಅಪೀಲಿನಾಗ ಕೇಳು."

ತಲೆ ತಗ್ಗಿಸಿ ಹೇಳಿದೆ: "ನಿಂದು ಮಂಜೂರಾತಂತ ಕೇಳಿ ನನಗ ಹೊಟ್ಟಿ ಉರದಿತ್ತಲೇ."

"ಗೊತ್ತಾಗಿತ್ತು ಬಿಡು, ಹೋಳಿಗಿ ಹಾಂಗೇ ಬಿಟ್ಟಿದ್ದಿ. ನೀ ಹವಾಲ್ದಾರ ಆದಾಗ ನಾ ಎರಡು ದಿನ ಉಂಡಿರ್ಲಿಲ್ಲ."

ರಜಿಸ್ಟರ್ ಸಿಕ್ಕಿತು. ಮತ್ತೆ ವೈದ್ಯಕೀಯ ಮಂಡಳಿಯ ಮುಂದೆ ಕರೆದು ತಪಾಸಣೆ ಮಾಡಿದರು. ಎಂಟು ತಿಂಗಳ ಮೇಲೆ ಪತ್ರ ಬಂತು: ರೋಗ ಸೇವೆಯಿಂದ ಉಲ್ಬಣಿಸಿದೆ, ಕ್ಲೇಮು ಒಪ್ಪಲಾಗಿದೆ. ಹೆಂಡತಿ ಸಕ್ಕರೆ ತಂದು ಬಾಯಿಗೆ ಹಾಕಿದಳು. ನಾನು ಮಾತ್ರ ಪತ್ರವನ್ನು ಮತ್ತೆ ಮತ್ತೆ ಓದುತ್ತಿದ್ದೆ. ಪಿಂಚಣಿ ಎರಡಕ್ಕೂ ಒಂದೇ; ಆದರೂ ಅವನದು ಸೇವೆಯಿಂದ ಬಂದದ್ದು, ನನ್ನದು ಬರೀ ಉಲ್ಬಣಿಸಿದ್ದು ಯಾಕೆ? ಈ ಪ್ರಶ್ನೆ ಯಾರಿಗೂ ಹೇಳಿಕೊಳ್ಳುವಂಥದ್ದಲ್ಲ ಎಂದು ಗೊತ್ತಿದ್ದೂ ಮನಸ್ಸು ಅಲ್ಲೇ ಕೊರೆಯುತ್ತಿತ್ತು.

ಸಂಜೆ ಅವನಿಗೆ ಫೋನ್ ಮಾಡಿದೆ. ನನಗಿಂತ ಅವನೇ ಹೆಚ್ಚು ಖುಷಿಪಟ್ಟ. ಅಷ್ಟು ಹಗುರವಾಗಿ ಖುಷಿಪಡಲು ಬರುತ್ತದಲ್ಲ ಅವನಿಗೆ ಎಂದು, ಆ ಗಳಿಗೆಯಲ್ಲೂ ನನಗೆ ಹೊಟ್ಟೆಕಿಚ್ಚಾಯಿತು.