ಅಜ್ಜಿಯ ಕಡಗೋಲಿಗೆ ಮೋಟರು

ಅನಂತ ಹತ್ತನೆಯ ತರಗತಿಯನ್ನು ನಡುವೆಯೇ ಬಿಟ್ಟದ್ದು ಬುದ್ಧಿ ಸಾಲದೆ ಅಲ್ಲ. ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿದರೆ ಗೊತ್ತಿದ್ದ ಉತ್ತರವೂ ಅವನ ಗಂಟಲಲ್ಲೇ ಕೂತುಬಿಡುತ್ತಿತ್ತು. ಶಾಲೆ ಬಿಟ್ಟವನು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಕೊಟ್ಟೂರಪ್ಪನ ರೇಡಿಯೋ ರಿಪೇರಿ ಅಂಗಡಿ ಸೇರಿದ. ಅಲ್ಲಿ ಮಾತಿನ ಕೆಲಸ ಕೊಟ್ಟೂರಪ್ಪನದು, ಬೆಸುಗೆಯ ಕೆಲಸ ಇವನದು. ಒಂದು ಬೆಸುಗೆ ಹಾಕಿ ಮೂರು ಸಲ ನೋಡುತ್ತಿದ್ದ.

"ನಮ್ಮ ಆಚಾರ್ರು ವಾಯರಿಗೂ ಮಡಿ ಉಡಸ್ತಾರ ನೋಡ್ರಿ" ಎಂದು ಕೊಟ್ಟೂರಪ್ಪ ಅನಂತನನ್ನು ತೋರಿಸಿ ಗಿರಾಕಿಗಳೆದುರು ನಗುತ್ತಿದ್ದ.

ಆ ಮಾತು ಪೂರಾ ಸುಳ್ಳಲ್ಲ. ಸತ್ಯನಾರಾಯಣಪೇಟೆಯ ಮನೆಯಲ್ಲಿ ಅವನನ್ನು ಬೆಳೆಸಿದವರು ಅಜ್ಜಿ ವಿಜಯಾಬಾಯಿ. ಅವರ ಅಡಿಗೆಮನೆಯಲ್ಲಿ ಮಡಿಯ ಪಾತ್ರೆಗೂ ಮುಸುರೆಯ ಪಾತ್ರೆಗೂ ನಡುವೆ ಒಂದು ಗೇಣು ಜಾಗ ಇರಲೇಬೇಕು. ದಿನವೂ ಬೆಳಿಗ್ಗೆ ಮೊಸರು ಕಡೆದು, ಕೃಷ್ಣನಿಗೆ ಬೆಣ್ಣೆಯ ನೈವೇದ್ಯ ಮಾಡಿ, ಆಮೇಲೆಯೇ ಅವರ ಬಾಯಿಗೆ ಅನ್ನ. ೧೯೮೮ರ ಬೇಸಿಗೆಯಲ್ಲಿ ಅವರು ಬಚ್ಚಲಲ್ಲಿ ಜಾರಿಬಿದ್ದು ಬಲಗೈ ಮೇಲೇಳದಾಯಿತು. ಕಡಗೋಲಿನ ಹಗ್ಗ ಎಳೆಯಲು ಎರಡು ಕೈ ಬೇಕು. ಒಂದೇ ಕೈಯಲ್ಲಿ ಕೋಲು ತಿರುವಿ ತಿರುವಿ ಬೆಣ್ಣೆ ಬರುವಾಗ ಮಧ್ಯಾಹ್ನ ಎರಡು ಗಂಟೆ. ಅಲ್ಲಿಯವರೆಗೆ ಉಪವಾಸ.

"ನಾ ಕಡೀತೀನಿ ಕೊಡು ಅಜ್ಜಿ" ಎಂದ ಅನಂತ.

"ನನ್ನ ಕೈಲೆ ಮಾಡ್ತೀನಿ ಅಂತ ಕೃಷ್ಣಗ ಮಾತು ಕೊಟ್ಟೀನೋ. ನಿನ್ನ ಕೈ ಅವಗ್ಯಾಕ?"

ಅನಂತ ಸಿರುಗುಪ್ಪದ ಗುಜರಿಯಲ್ಲಿ ಲಾರಿಯ ವೈಪರ್ ಮೋಟರೊಂದನ್ನು ಹುಡುಕಿ ತಂದ. ಮದ್ರಾಸಿನಿಂದ ಅಂಚೆಯಲ್ಲಿ ಒಂದು ಚಿಪ್ ತರಿಸಿದ. ಮೋಟರನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿಸುವ ಚಿಪ್ ಅದು. ಕಡಗೋಲಿಗೆ ಬೇಕಾದದ್ದೂ ಅದೇ. ಮೋಟರಿಗೆ ಕಾರಿನ ಬ್ಯಾಟರಿ, ಚಿಪ್ಪಿಗೆ ಅಪ್ಪಣೆ ಕೊಡುವ ಸಣ್ಣ ಸರ್ಕ್ಯೂಟಿಗೆ ಟಾರ್ಚಿನ ಮೂರು ಸೆಲ್ಲು. ಎರಡನ್ನೂ ಬೇರೆ ಬೇರೆ ಇಡಬೇಕೆಂದು ಪತ್ರಿಕೆಯೊಂದರಲ್ಲಿ ಓದಿದ್ದ. ಹಾಗೆಯೇ ಇಟ್ಟ, ನಡುವೆ ಒಂದು ಗೇಣು ಬಿಟ್ಟು.

ಮೋಟರು ಅಲುಗಲಿಲ್ಲ.

"ಚಿಪ್ ಸುಟ್ಟೈತಿ, ಬ್ಯಾರೆ ತರಸ್ರಿ ಆಚಾರ್ರೆ" ಎಂದ ಕೊಟ್ಟೂರಪ್ಪ. ಇನ್ನೊಂದು ಬರಲು ಹನ್ನೆರಡು ದಿನ ಹಿಡಿಯಿತು. ಆ ಹನ್ನೆರಡು ದಿನವೂ ಅಜ್ಜಿಯ ಊಟ ಎರಡು ಗಂಟೆಗೇ. ಹೊಸ ಚಿಪ್ ಹಾಕಿದರೂ ಅದೇ ಕಥೆ.

ಭಾನುವಾರ ಅವನು ಮನೆಯ ಪಡಸಾಲೆಯಲ್ಲಿ ವೋಲ್ಟು ಅಳೆಯುವ ಮೀಟರ್ ಹಿಡಿದು ಕೂತ. ಬ್ಯಾಟರಿಯ ಮೈನಸ್ಸಿಗೆ ಮೀಟರಿನ ಕಪ್ಪು ತಂತಿ, ಪ್ಲಸ್ಸಿಗೆ ಕೆಂಪು: ಹನ್ನೆರಡು ವೋಲ್ಟು. ಎರಡೂ ತಂತಿಗಳನ್ನು ತೆಗೆದು ಸೆಲ್ಲಿಗೆ ಹಿಡಿದ: ನಾಲ್ಕೂವರೆ. ಎಲ್ಲ ಸರಿ. ಐದು ಸಲ ನೋಡಿದರೂ ಸರಿ. ಕಪ್ಪು ತಂತಿಯನ್ನು ಮತ್ತೆ ಬ್ಯಾಟರಿಗೆ ಸಿಕ್ಕಿಸಿದಾಗ ಒಳಗಿನಿಂದ ಕ್ಷೀಣ ದನಿ ಬಂತು.

"ಅನಂತಾ..."

ಅಜ್ಜಿ ಗೋಡೆಗೆ ತಲೆಯೊರಗಿಸಿ ಕೂತಿದ್ದರು. ಮುಂದೆ ಅರ್ಧ ಕಡೆದ ಮೊಸರು. "ಏನಿಲ್ಲೋ, ಕಣ್ಣಿಗೆ ಕತ್ತಲಿ ಬಂತು." ಅನಂತ ನೀರು ಕುಡಿಸಿ, ಅವರು ಮತ್ತೆ ಕೋಲಿಗೆ ಕೈ ಹಾಕುವವರೆಗೆ ನಿಂತಿದ್ದು ಹಿಂದಿರುಗಿದ. ಕೆಂಪು ತಂತಿಯನ್ನು ಸೆಲ್ಲಿಗೆ ಮುಟ್ಟಿಸಿದ. ಮೀಟರಿನ ಮುಳ್ಳು ಏಳಲಿಲ್ಲ.

ಸೆಲ್ಲು ಸತ್ತಿತೇ? ಆಗ ಕಂಡಿತು: ಕಪ್ಪು ತಂತಿ ಇನ್ನೂ ಕಾರ್ ಬ್ಯಾಟರಿಯಲ್ಲೇ ಇತ್ತು. ತೆಗೆಯುವುದನ್ನು ಮರೆತಿದ್ದ. ಅದನ್ನು ಸರಿಪಡಿಸಲು ಹೋದ ಕೈ ಅಲ್ಲೇ ನಿಂತಿತು. ಚಿಪ್ ಕೂಡ ವೋಲ್ಟು ಅಳೆಯುವುದು ಬ್ಯಾಟರಿಯ ಮೈನಸ್ಸಿನಿಂದಲೇ ಅಲ್ಲವೆ? ಅಲ್ಲಿಂದ ನೋಡಿದರೆ ಸೆಲ್ಲಿನ ನಾಲ್ಕೂವರೆ ವೋಲ್ಟು ಇದ್ದೂ ಇಲ್ಲ, ಅಪ್ಪಣೆ ಚಿಪ್ಪಿಗೆ ಮುಟ್ಟುವುದೇ ಇಲ್ಲ. ತಾನು ಇಷ್ಟು ದಿನ ಪ್ರತಿ ಸಲ ಎರಡೂ ತಂತಿ ಬದಲಿಸಿ, ಜೋಪಾನವಾಗಿ, ತಪ್ಪನ್ನೇ ಮುಚ್ಚಿಡುತ್ತಾ ಬಂದಿದ್ದ. ಪ್ಲಸ್ಸುಗಳು ಬೇರೆ ಇರಬೇಕು, ನಿಜ; ಆದರೆ ಮೈನಸ್ಸುಗಳು ಕೂಡಿರಬೇಕು.

ಒಂದು ಗೇಣು ತಂತಿ ಕತ್ತರಿಸಿ ಎರಡು ಮೈನಸ್ಸುಗಳನ್ನೂ ಸೇರಿಸಿದ. ಮೋಟರು ಈ ಕಡೆ ತಿರುಗಿತು. ನಿಂತಿತು. ಆ ಕಡೆ ತಿರುಗಿತು.

ಮರುದಿನ ಬೆಳಿಗ್ಗೆ ಕಡಗೋಲಿನ ತಲೆಗೆ ಮೋಟರು ಕಟ್ಟಿದ. ಅಜ್ಜಿ ಬಹಳ ಹೊತ್ತು ನೋಡಿದರು.

"ಇದು ಕಡದ್ರ ನನ್ನ ಕೈ ಎಲ್ಲಿ ಬಂತೋ?"

ಮೂರು ವಾರ ಅವನಿಗೆ ಇದ್ದ ಹೆದರಿಕೆ ಚಿಪ್ಪಿನದಲ್ಲ, ಈ ಪ್ರಶ್ನೆಯದು. ಅಜ್ಜಿ ಉತ್ತರಕ್ಕೆ ಕಾಯಲಿಲ್ಲ. ಎಡಗೈಯ ಎರಡು ಬೆರಳನ್ನು ಕೋಲಿಗೆ ಹಗುರಾಗಿ ಆನಿಸಿ, "ಹೂಂ, ಹಚ್ಚು" ಎಂದರು.

ಅರ್ಧ ಗಂಟೆ ಬೇಕೆಂದು ಅನಂತ ಗಡಿಯಾರ ನೋಡಿಕೊಂಡಿದ್ದ. ಇಪ್ಪತ್ತು ನಿಮಿಷವೂ ಆಗಿರಲಿಲ್ಲ.

"ನಿಲ್ಸು, ಬೆಣ್ಣಿ ಬಂತು."

"ಏನೂ ಕಾಣವಲ್ದಲ್ಲ ಅಜ್ಜಿ?"

"ಕೋಲು ಭಾರ ಆತು. ನಿನ್ನ ಚಿಪ್ಪಿಗೆ ಅದು ಹ್ಯಾಂಗ ತಿಳೀಬೇಕು? ತಣ್ಣೀರು ಹಾಕು."

ನೀರು ಬಿದ್ದೊಡನೆ ಬೆಣ್ಣೆ ತೇಲಿ ಬಂತು. ಅಜ್ಜಿ ಎಡಗೈಯಿಂದಲೇ ಅದನ್ನು ಕೂಡಿಸಿ ಬಟ್ಟಲಿಗೆ ಹಾಕಿ ದೇವರ ಮುಂದೆ ಇಟ್ಟರು. ಹತ್ತೂವರೆಗೆ ಎಲೆಯ ಮುಂದೆ ಕೂತು, ಮೊದಲ ತುತ್ತು ನುಂಗಿ, ಎರಡನೆಯದಕ್ಕೆ ಇನ್ನಷ್ಟು ಸಾರು ಹಾಕಿಸಿಕೊಂಡರು.