ಅತ್ತೆಯ ತಟ್ಟೆಯ ಮೊದಲ ತುತ್ತು

ನಮ್ಮತ್ತೆಗೆ ಮದ್ದು ಬಿದ್ದಿದೆ ಅಂತ ಮೊದಲು ಹೇಳಿದ್ದು ಗೋವಿಂದರಾಜನಗರದ ನಮ್ಮ ಎದುರುಮನೆ ಆಂಟಿ. ಡಾಕ್ಟರು ಕೊಟ್ಟರೆ ಮದ್ದು ಅಂದರೆ ಔಷಧಿ; ಮನೆಯವರೋ ನೆಂಟರೋ ಊಟದಲ್ಲಿ ಕದ್ದು ಹಾಕಿದರೆ ಅದೇ ಮದ್ದು ವಿಷ. ತಿಂದವರು ದಿನೇ ದಿನೇ ಸೊರಗ್ತಾರಂತೆ. ಅತ್ತೆಗೆ ಹೊಟ್ಟೆ ಉರಿ ಶುರುವಾಗಿತ್ತು, ಸೊರಗ್ತಾನೂ ಇದ್ದರು. ಆಂಟಿ ತಲೆಗೆ ಹುಳ ಬಿಟ್ಟು ಹೋದರು. ಕೆಂಗೇರಿ ಆಚೆ ಯಾರೋ ಮದ್ದು ತೆಗೀತಾರೆ ಅಂತ ಹೋಗಿ, ಹಸಿರು ರಸ ಕುಡಿದು ವಾಂತಿ ಮಾಡಿಕೊಂಡು ಬಂದರು ಅತ್ತೆ. ಉರಿ ಹಾಗೇ ಇತ್ತು. ಮನೆಯಲ್ಲಿ ಅಡುಗೆ ಮಾಡೋಳು ನಾನೊಬ್ಬಳೇ. ಅನುಮಾನ ಯಾರ ಮೇಲೆ ಅಂತ ಬಿಡಿಸಿ ಹೇಳಬೇಕಾ?

ಅವತ್ತಿಂದ ಅತ್ತೆ ತಮ್ಮ ತಟ್ಟೆಯಿಂದ ಒಂದು ತುತ್ತು ತೆಗೆದು ನನ್ನ ಅಂಗೈಗೆ ಇಡೋರು. "ನೀನು ಮೊದ್ಲು ತಿನ್ನವ್ವ," ಅನ್ನೋರು, ಮೆತ್ತಗೆ. ಸಾರು ಆರಿ ತಣ್ಣಗಾಗೋವರೆಗೂ ನನ್ನ ಮುಖಾನೇ ನೋಡ್ತಾ ಕೂರೋರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಏನೂ ಮಾಡದ ನನಗೂ ಬೆವರು ಬರೋದು. ಬರ್ತಾ ಬರ್ತಾ ನನ್ನ ಹೊಟ್ಟೆ ಗುಳುಗುಳು ಅಂದರೂ ಭಯ.

ವಿಜಯನಗರದ ಕಾಲೇಜೊಂದರಲ್ಲಿ ನಾನು ಇತಿಹಾಸ ಪಾಠ ಮಾಡ್ತೀನಿ. ರೋಮಿನ ಚಕ್ರವರ್ತಿಗಳ ಊಟ ರುಚಿ ನೋಡೋಕೆ ಆಳುಗಳಿದ್ದರು, ಒಬ್ಬ ಚಕ್ರವರ್ತಿ ಸತ್ತಾಗ ರುಚಿ ನೋಡೋನ ಮೇಲೇ ಜನ ಗುಮಾನಿ ಪಟ್ಟರು ಅಂದರೆ ಕ್ಲಾಸೆಲ್ಲ ನಗು. ನನಗೆ ಮೈ ಉರೀತಿತ್ತು. ಪೀರಿಯಡ್ ಮುಗಿದ ಕೂಡಲೇ ಮನೆಗೆ ಫೋನು: "ಅತ್ತೆ, ಊಟ ಮಾಡಿದ್ರಾ?" ಮಾಡಿರ್ತಿರಲಿಲ್ಲ. ನಾನಿಲ್ಲದೆ ರುಚಿ ನೋಡೋರು ಯಾರು? ಹೊಟ್ಟೆಯಲ್ಲಿ ಹುಣ್ಣಾಗಿದೆ ಅಂತ ಡಾಕ್ಟರು ಬರೆದ ಮಾತ್ರೆಯನ್ನೂ ಮುಟ್ಟಲಿಲ್ಲ. ಹೀಗೇ ಬಿಟ್ಟರೆ ಉಳಿಯಲ್ಲ ಅಂದಿದ್ದರು ಡಾಕ್ಟರು. ಅತ್ತೆ ಕಡ್ಡಿಯಾಗ್ತಾ ಬಂದರು.

ಒಂದು ಭಾನುವಾರ ಮುದ್ದೆ, ಬಸ್ಸಾರು ಬಡಿಸಿಟ್ಟು, ಅತ್ತೆ ಕೈ ತೊಳೆದು ಬರೋದ್ರೊಳಗೆ ನೀರು ತರೋಕೆ ಹೋದೆ. ಬಂದು ಕೂತು, ಅತ್ತೆ ಕೊಟ್ಟ ತುತ್ತು ಬಾಯಿಗಿಟ್ಟರೆ ಕಹಿ. ತಲೆಯೆತ್ತಿದರೆ ನನ್ನ ಗಂಡ ನೆಲ ನೋಡ್ತಾ ಇದ್ದಾರೆ, ಮುಷ್ಟಿಯಲ್ಲಿ ಮಾತ್ರೆಯ ಖಾಲಿ ಕವರು. ಮಾತ್ರೆ ಪುಡಿ ಮಾಡಿ ಸಾರಿಗೆ ಕಲಸಿದ್ದರು ಮಹಾರಾಯರು, ನನಗೊಂದು ಮಾತೂ ಹೇಳದೆ. ಬಾಯಿ ಬಿಟ್ಟರೆ ಈ ಮನೆಯಲ್ಲಿ ಮದ್ದು ಹಾಕಿದ್ದು ನಿಜ ಆಗುತ್ತೆ. ಸುಮ್ಮನಿದ್ದರೆ, ಅತ್ತೆ ನಾಲಿಗೆಗೂ ಕಹಿ ತಗಲುತ್ತೆ, ಆಮೇಲೆ ನನ್ನ ಕೈಯಿಂದ ಒಂದು ಅಗುಳೂ ಮುಟ್ಟೋಲ್ಲ. ಅತ್ತ ದರಿ, ಇತ್ತ ಪುಲಿ.

"ಯಾಕವ್ವ, ಏನಾಯ್ತು?" ಅಂದರು ಅತ್ತೆ.

"ಸಾರಲ್ಲಿ ಮದ್ದಿದೆ ಅತ್ತೆ," ಅಂದೆ. "ಡಾಕ್ಟರ್ ಮಾತ್ರೆ. ನಿಮ್ಮ ಮಗ ಹಾಕಿದ್ದು."

ತಟ್ಟೆ ಎಸೀತಾರೆ ಅಂತ ಹಿಂದಕ್ಕೆ ಸರಿದೆ. ಅತ್ತೆ ಮಗನ ಮುಖ ನೋಡಿದರು, ತಟ್ಟೆ ಹತ್ತಿರ ಎಳಕೊಂಡರು.

"ನನ್ ಮಗ ತಾನೇ ಹಾಕಿರೋದು," ಅಂದು, ಮುದ್ದೆ ಮುರಿದು, ಸಾರಲ್ಲಿ ಅದ್ದಿ, ಬಿಸಿಬಿಸಿಯಾಗೇ ನುಂಗಿದರು. ಕಹಿ ಅಂತ ಒಂದು ಮಾತಿಲ್ಲ. ತಟ್ಟೆ ಬಳಿದು ಉಂಡರು. ಇನ್ನು ಬದುಕ್ತಾರೆ ಅಂತ ನನಗೆ ನೆಮ್ಮದಿ ಆಗಬೇಕಿತ್ತು, ಆಯ್ತು ಕೂಡ. ಮದುವೆಯಾದಾಗಿಂದ ಅವರಿಗೆ ಬೇಯಿಸಿ ಹಾಕಿದ್ದು ನಾನು. ಎಂಜಲು ಕೈ ಒಣಗಿದರೂ ತೊಳೆಯೋಕೆ ಏಳಲಾಗದೆ ಅಲ್ಲೇ ಕೂತಿದ್ದೆ.