ಒಪ್ಪಿಗೆ ಪತ್ರದ ಮೂಲೆಯಲ್ಲೊಂದು ಪೆನ್ಸಿಲ್ ಸಾಲು

ಹೆಬ್ಬೆಟ್ಟಿನ ಶಾಯಿ ಡಬ್ಬಿಯ ಮುಚ್ಚಳ ತೆರೆದಾಗಲೆಲ್ಲ ಅಕ್ಕನಿಗೆ ತಾವು ಎಂಟು ವರ್ಷದವರಾಗಿದ್ದಾಗಿನ ಒಂದು ಸಂಜೆ ನೆನಪಾಗುತ್ತದೆ. ಕಾರ್ಖಾನೆಯಿಂದ ಬಂದ ಅಪ್ಪನ ಬೆರಳಲ್ಲಿ ಇದೇ ವಾಸನೆಯಿತ್ತು. ಯಾವ ಕಾಗದ ಅದು ಎಂದು ಮಗಳು ಕೇಳಿದರೆ, "ಒತ್ತು ಅಂದ್ರು, ಒತ್ತಿದೆ" ಎಂದು ನಕ್ಕಿದ್ದರು.

ಈಗ ಬೆಳಗಿನ ಐದೂವರೆ. ಆಸ್ಪತ್ರೆಯ ಸಂಶೋಧನಾ ವಿಭಾಗದ ಬೆಂಚಿನ ಮೇಲೆ ಬರಿಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ಆಕಳಿಸುತ್ತ ಕುಳಿತಿದ್ದಾರೆ. ಎಲ್ಲರ ಬಾಯಲ್ಲಿ 'ಓದೋ ಅಕ್ಕ' ಆಗಿರುವ ಈ ಐವತ್ತೆರಡರ ಹೆಂಗಸು ಒಬ್ಬೊಬ್ಬರನ್ನೇ ಒಳಗೆ ಕರೆದು ಒಪ್ಪಿಗೆ ಪತ್ರ ಓದಿ ಹೇಳುತ್ತಾರೆ. ಆಮೇಲೆ ಪತ್ರ ಮಗುಚಿಟ್ಟು, "ಈಗ ನೀವು ನಂಗೆ ಹೇಳಿ" ಅನ್ನುತ್ತಾರೆ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಪತ್ರದ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಬರೆದ ಮೇಲೆಯೇ ಶಾಯಿ ಡಬ್ಬಿ ಮುಂದೆ ಬರುವುದು.

"ಈ ರಕ್ತ ಕೊಟ್ರೆ ನನ್ ಕಾಯಿಲೆ ವಾಸಿಯಾಗಲ್ಲ, ಮುಂದೆ ಬರೋರಿಗೆ ಅನುಕೂಲ. ಪಾಸಾದ್ನೇನಮ್ಮಾ?" ಎಂದು ಕೇಳುತ್ತಾರೆ ಒಬ್ಬ ವೃದ್ಧರು.

"ಬೇಡ ಅಂತ ಎದ್ದು ಹೋಗ್ಬಹುದು ಅನ್ನೋದ್ ಬಿಟ್ರಲ್ಲ ತಾತ. ಅದಕ್ಕೇ ಜಾಸ್ತಿ ಮಾರ್ಕು."

ಒಬ್ಬರಿಗೆ ಇಪ್ಪತ್ತು ನಿಮಿಷ, ದಿನಕ್ಕೆ ಹದಿನೈದು ಜನ. ಅಕ್ಕ ನೆಲ ಒರೆಸುವ ಕೆಲಸಕ್ಕೆ ಸೇರಿದವರು. ರೋಗಿಯೊಬ್ಬರಿಗೆ ಚೀಟಿ ಓದಿ ಹೇಳುತ್ತಿದ್ದುದನ್ನು ಕಂಡ ವಿಭಾಗದ ಮುಖ್ಯ ಡಾಕ್ಟರಮ್ಮ ಅವರನ್ನು ಈ ಕುರ್ಚಿಯಲ್ಲಿ ಕೂರಿಸಿದರು. ಪುರಾಣ ಮುಗೀತಾ ಎಂದು ರಕ್ತ ತೆಗೆಯುವ ಹುಡುಗಿಯರು ರೇಗಿಸುವುದುಂಟು.

ಮೂತ್ರಪಿಂಡದ ಕಾಯಿಲೆಯನ್ನು ಬೇಗ ಕಂಡುಹಿಡಿಯುವ ಡಾಕ್ಟರಮ್ಮನ ವಿಧಾನವನ್ನು ಈಗ ಹತ್ತಾರು ಆಸ್ಪತ್ರೆಗಳು ಬಳಸುತ್ತಿವೆ. ಕಳೆದ ವರ್ಷ ಅದು ದೊಡ್ಡದೊಂದು ಪ್ರಶಸ್ತಿಯ ಕೊನೆಯ ಸುತ್ತು ತಲುಪಿತ್ತು. ತೀರ್ಪುಗಾರರಿಗಾಗಿ ಕಡತ ಜೋಡಿಸುವಾಗ ಅಕ್ಕನ ಕೈ ನಿಂತಿತು. ಇಪ್ಪತ್ತಮೂರು ಪತ್ರಗಳ ಮೂಲೆ ಖಾಲಿ. ಅಕ್ಕನ ತಾಯಿ ತುರ್ತು ವಾರ್ಡಿನಲ್ಲಿದ್ದ ವಾರ ಅದು. ಏಳೆಂಟು ಜನರನ್ನು ಒಟ್ಟಿಗೇ ಕೂರಿಸಿ, ಗಡಿಬಿಡಿಯಲ್ಲಿ ಓದಿ, ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ನಿಯಮದ ಪ್ರಕಾರ ಏನೂ ಕೊರತೆಯಿಲ್ಲ. ಪೆನ್ಸಿಲ್ ಸಾಲು ಯಾವ ನಿಯಮದಲ್ಲೂ ಇಲ್ಲ.

"ತುಂಬಿಸಿಬಿಡೋಣ ಅಂತ ಪೆನ್ಸಿಲ್ ಎತ್ಕೊಂಡೆ. ಅವ್ರು ಏನ್ ಹೇಳ್ತಿದ್ರೋ ನಂಗೇ ಗೊತ್ತಿಲ್ಲ, ಏನಂತ ಬರೀಲಿ?" ಎನ್ನುತ್ತಾರೆ ಅಕ್ಕ.

ಆ ಪತ್ರಗಳ ಕಟ್ಟನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟು ತಪ್ಪೊಪ್ಪಿಕೊಂಡರು. ಆಕೆ ತೀರ್ಪುಗಾರರಲ್ಲಿ ಎರಡು ವಾರದ ಕಾಲಾವಕಾಶ ಕೇಳಿದರಂತೆ. ಇಷ್ಟು ಜನರಿಗೆ ಉಪಕಾರವಾದ ಕೆಲಸ ಇಷ್ಟಕ್ಕೆಲ್ಲ ನಿಲ್ಲಬೇಕೇ ಎಂದು ಅವರಲ್ಲೊಬ್ಬರು ಅಂದಾಗ ಡಾಕ್ಟರಮ್ಮ ಕೊಟ್ಟ ಉತ್ತರ ಅಕ್ಕನಿಗೆ ಬಾಯಿಪಾಠ: "ಎಷ್ಟು ಜನಕ್ಕೆ ಉಪಯೋಗ ಆಯ್ತು ಅಂತ ನಾನು ಹೇಳ್ತೀನಿ ಸರ್. ಅದು ನೇರ ದಾರೀಲಿ ಬಂತಾ ಅಂತ ನಮ್ಮಕ್ಕ ಹೇಳ್ಬೇಕು."

ಅಕ್ಕ ಇಪ್ಪತ್ತಮೂರು ಮನೆಗಳ ಬಾಗಿಲು ತಟ್ಟಿದರು. ಹತ್ತೊಂಬತ್ತು ಜನ ಕೇಳಿ, ತಿರುಗಿ ಹೇಳಿ, ಒಪ್ಪಿದರು. ನಾಲ್ವರಿಗೆ ಅದು ಚಿಕಿತ್ಸೆಯೆಂದೇ ನಂಬಿಕೆಯಿತ್ತು. ಅವರಲ್ಲೊಬ್ಬ ದರ್ಜಿ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಹೇಳಿದರು: "ಔಷಧಿ ಕೊಡೋಕೆ ಕರೀತಾರೆ ಅಂತ ಎಂಟು ತಿಂಗಳು ಕಾದೆ ಅಕ್ಕಾ."

ಆ ನಾಲ್ವರ ಮಾದರಿಗಳನ್ನು ಕೈಬಿಟ್ಟು, ಲೆಕ್ಕ ತಿದ್ದಿ, ಪ್ರಬಂಧವನ್ನು ಮತ್ತೆ ಪ್ರಕಟಿಸಲಾಯಿತು. ಫಲಿತಾಂಶ ಬಹುಪಾಲು ಹಾಗೇ ನಿಂತಿತು. ಅಷ್ಟರಲ್ಲಿ ಪ್ರಶಸ್ತಿ ಬೇರೆಯವರ ಪಾಲಾಯಿತು. ಡಾಕ್ಟರಮ್ಮ ಒಂದು ಒರಟು ಮಾತೂ ಆಡಲಿಲ್ಲ ಎನ್ನುತ್ತಾರೆ ಅಕ್ಕ. ಈಗ ಪತ್ರದ ಮೂಲೆಯಲ್ಲಿ 'ರೋಗಿಯ ಮಾತು' ಎಂಬ ಖಾಲಿ ಚೌಕ ಅಚ್ಚಾಗಿಯೇ ಬರುತ್ತದೆ. ದರ್ಜಿಯ ಮನೆಗೆ ಹೋಗಿಬಂದ ಮರುದಿನವೇ ಅವರನ್ನು ಕರೆತಂದು, ಚಿಕಿತ್ಸೆಯ ಸಾಲಿನಲ್ಲಿ ತಾವೇ ನಿಂತರು ಅಕ್ಕ. ಅಷ್ಟಾದರೂ ದರ್ಜಿ ಬಹಳ ತಿಂಗಳು ಅಕ್ಕನ ಕೋಣೆಯ ಕಡೆ ತಿರುಗಿ ನೋಡುತ್ತಿರಲಿಲ್ಲ.

"ನನ್ನಾದ್ಮೇಲೆ ಕೂರೋರಿಗೆ ಆತುರ ಇರ್ಬಾರ್ದು. ಅಷ್ಟೇ ನನ್ನಾಸೆ," ಎನ್ನುತ್ತಾರೆ ಅಕ್ಕ.

ಗಂಟೆ ಎರಡಾಗುತ್ತಿದೆ. ಬೆಂಚು ಯಾವಾಗಲೋ ಖಾಲಿಯಾಗಿದೆ, ಪತ್ರಗಳನ್ನು ಕಡತಕ್ಕೆ ಸೇರಿಸುತ್ತಿರುವ ಅಕ್ಕ ಇನ್ನೂ ಉಂಡಿಲ್ಲ. ತಿಂಗಳ ಔಷಧಿ ತೆಗೆದುಕೊಂಡು ಹೊರಟ ದರ್ಜಿ ಬಾಗಿಲ ಬಳಿ ನಿಲ್ಲುತ್ತಾರೆ, ಒಳಗೆ ಬರುತ್ತಾರೆ. ಚೀಲದಿಂದ ಊಟದ ಡಬ್ಬಿ ತೆಗೆದು, ಮುಚ್ಚಳಕ್ಕೆ ಅರ್ಧ ಬಡಿಸಿ, ಅಕ್ಕನ ಕೈಗೆ ಕೊಡುತ್ತಾರೆ.